ಲಿಸ್ಬನ್‌ನ ಚಿನ್ನದ ಬೀದಿಯ ಹಳೇ ಲಿಫ್ಟ್: ಕೋಲಾರದಿಂದ ಹೋಗುವವರಿಗೆ

ನಮ್ಮ ಕೋಲಾರದ ಕಡೆಯಿಂದ ಈಗ ಯುರೋಪಿಗೆ ಹೋಗಿ ಬರುವವರು ಜಾಸ್ತಿ ಆಗಿದ್ದಾರೆ. ಮಗನೋ ಮಗಳೋ ಅಲ್ಲಿ ಕೆಲಸದಲ್ಲಿರುತ್ತಾರೆ, ಒಂದು ಸಲ ಬಂದು ಹೋಗಿ ಅನ್ನುತ್ತಾರೆ. ಪೋರ್ಚುಗಲ್ ಕಡೆ ಹೋದರೆ ಲಿಸ್ಬನ್‌ನ ಸಾಂಟಾ ಜುಸ್ಟಾ ಲಿಫ್ಟ್ ನೋಡದೆ ಬರಬೇಡಿ. ಕೆಜಿಎಫ್ ಮನೆತನದವರಾದರೆ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ, ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ನಾನು ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. 2001ರಲ್ಲಿ ಕೆಜಿಎಫ್ ಚಿನ್ನದ ಗಣಿ ಮುಚ್ಚುವ ತನಕ ಅವರು ಅಲ್ಲಿ ವೈಂಡಿಂಗ್ ಇಂಜಿನ್, ಅಂದರೆ ಜನರನ್ನು ಕೇಜಿನಲ್ಲಿ ಗಣಿಯೊಳಗೆ ಇಳಿಸಿ ಮೇಲೆತ್ತುವ ಯಂತ್ರ, ನಡೆಸುತ್ತಿದ್ದವರು.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಲಿಸ್ಬನ್ ಪೂರ್ತಿ ದಿಣ್ಣೆಗಳ ಊರು. ಕೆಳಗಿನ ಪೇಟೆಗೆ ಬೈಷಾ ಅನ್ನುತ್ತಾರೆ. ಅಲ್ಲಿಂದ ದಿಣ್ಣೆ ಮೇಲಿನ ಕಾರ್ಮು ಚೌಕಕ್ಕೆ ಜನ ಹತ್ತಿ ಹತ್ತಿ ಸುಸ್ತಾಗುತ್ತಿದ್ದರು. ಅದಕ್ಕೆ 45 ಮೀಟರ್ ಎತ್ತರದ ಕಬ್ಬಿಣದ ಗೋಪುರ ಕಟ್ಟಿ, ಒಳಗೆ ಎರಡು ಲಿಫ್ಟ್ ಇಟ್ಟು, ತುದಿಯಿಂದ ದಿಣ್ಣೆಗೆ ಒಂದು ಸೇತುವೆ ಹಾಕಿದರು. ಬಸ್ಸು, ಟ್ರಾಮಿನ ಹಾಗೆ ಇದೂ ಊರಿನ ಸಾರಿಗೆಯೇ. ಪ್ಯಾರಿಸ್‌ನ ಗೋಪುರದ ಆ ಐಫೆಲ್ ಕಟ್ಟಿದ್ದು ಅಂತ ಕೆಲವರು ಹೇಳುತ್ತಾರೆ, ಅಲ್ಲ. ಕಟ್ಟಿದವರು ರೌಲ್ ಮೆನಿಯೆ ದು ಪೊನ್ಸಾರ್ ಅನ್ನುವ ಇಂಜಿನಿಯರ್. ಶುರುವಾಗಿದ್ದು 1902ರ ಜುಲೈನಲ್ಲಿ.

ಆ ವರ್ಷ ನಮಗೂ ಗೊತ್ತಿರುವ ವರ್ಷವೇ, ಅಲ್ವಾ? ಶಿವನಸಮುದ್ರದಿಂದ ಕಾವೇರಿಯ ಕರೆಂಟು ಕೆಜಿಎಫ್‌ಗೆ ಬಂದಿದ್ದೂ 1902ರಲ್ಲೇ. ಲಿಸ್ಬನ್‌ನ ಈ ಲಿಫ್ಟ್ ಆಗ ಇನ್ನೂ ಉಗಿ ಇಂಜಿನ್‌ನಲ್ಲಿ ಓಡುತ್ತಿತ್ತು. ಕರೆಂಟಿಗೆ ಬದಲಾಗಿದ್ದು 1907ರಲ್ಲಿ. ಇದನ್ನು ಹೇಳಿದಾಗ ಅಪ್ಪನ ಮುಖ ನೋಡಬೇಕಿತ್ತು. ಲಿಫ್ಟ್ ನಿಂತಿರುವ ಬೀದಿಯ ಹೆಸರು ರುವಾ ದೊ ಓರು. ಹಾಗಂದರೆ ಚಿನ್ನದ ಬೀದಿ. 1755ರ ಭೂಕಂಪದಲ್ಲಿ ಊರು ನೆಲಸಮವಾದ ಮೇಲೆ ಹೊಸದಾಗಿ ಬೀದಿಗಳನ್ನು ಅಳೆದು ಹಾಕಿದಾಗ ಇದನ್ನು ಅಕ್ಕಸಾಲಿಗರಿಗೆ ಅಂತ ಕೊಟ್ಟಿದ್ದರಂತೆ.

ಈಗ ಹೋಗುವ ದಾರಿ. ಏರ್‌ಪೋರ್ಟಿನಿಂದ ಮೆಟ್ರೋ ಕೆಂಪು ಲೈನ್ ಹಿಡಿದು ಅಲಮೇದಾದಲ್ಲಿ ಇಳಿದು ಹಸಿರು ಲೈನ್ ಹತ್ತಿ, ಬೈಷಾ-ಶಿಯಾದು ನಿಲ್ದಾಣದಲ್ಲಿ ಇಳಿಯಿರಿ. ಬೈಷಾ ಕಡೆಯ ಬಾಗಿಲಿನಿಂದ ಹೊರಗೆ ಬಂದರೆ ಐದು ನಿಮಿಷದ ನಡಿಗೆ. ಬೀದಿ ಕೊನೆಯಲ್ಲಿ ಕಬ್ಬಿಣದ ಜಾಲರಿ ಗೋಪುರ ತಾನಾಗಿ ಕಾಣುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ.

ಎಲ್ಲರೂ ತಪ್ಪು ಮಾಡುವುದು ಇಲ್ಲೇ. ಮಧ್ಯಾಹ್ನ ಹನ್ನೊಂದಕ್ಕೋ ಹನ್ನೆರಡಕ್ಕೋ ಬರುತ್ತಾರೆ, ಉದ್ದ ಕ್ಯೂ ಇರುತ್ತದೆ, ಒಂದು ಗಂಟೆ ಬಿಸಿಲಲ್ಲಿ ನಿಂತು, ಮೇಲೆ ಹೋಗಿ ನಾಲ್ಕು ಫೋಟೋ ತೆಗೆದು ಇಳಿದು ಬರುತ್ತಾರೆ. ಬರೀ ಊರು ನೋಡಬೇಕು ಅನ್ನುವುದಾದರೆ ಕ್ಯೂ ಬೇಡವೇ ಬೇಡ. ಮೆಟ್ರೋದಲ್ಲಿ ಶಿಯಾದು ಕಡೆಯ ಬಾಗಿಲಿಗೆ ಹೋಗಿ. ಅಲ್ಲಿ ಸಾಲಾಗಿ ಎಸ್ಕಲೇಟರ್‌ಗಳಿವೆ, ಮಂಡಿ ನೋವಿನವರನ್ನೂ ದಿಣ್ಣೆಯ ಮೇಲಕ್ಕೆ ಅವೇ ತಲುಪಿಸುತ್ತವೆ. ಕಾರ್ಮು ಚೌಕಕ್ಕೆ ನಡೆದು, ಚಾವಣಿ ಇಲ್ಲದ ಹಳೇ ಚರ್ಚಿನ ಪಕ್ಕದ ಓಣಿಯಲ್ಲಿ ಹೋದರೆ ನೇರ ಆ ಸೇತುವೆ ಮೇಲೆಯೇ ಇರುತ್ತೀರಿ. ದುಡ್ಡಿಲ್ಲ. ಪಕ್ಕದಲ್ಲೇ ಕಾರ್ಮು ತಾರಸಿಯೂ ಇದೆ, ಅದೂ ಫ್ರೀ. ಸೇತುವೆಯಿಂದಲೂ ಇನ್ನೂ ಮೇಲಿನ ಅಟ್ಟಕ್ಕೆ ಸುರುಳಿ ಮೆಟ್ಟಿಲು ಹತ್ತುವುದಕ್ಕೆ ಮಾತ್ರ ಬೇರೆ ಟಿಕೆಟ್.

ಆದರೆ ಲಿಫ್ಟ್‌ನಲ್ಲಿ ಒಂದು ಸಲವಾದರೂ ಕೂತು ಹೋಗಬೇಕು, ಅದು ನನ್ನ ಗಟ್ಟಿ ಅಭಿಪ್ರಾಯ. ಬೆಳಗ್ಗೆ ಶುರುವಾಗುವ ಹೊತ್ತಿಗೇ ಹೋಗಿ, ಇಲ್ಲವೇ ಸಂಜೆ ಜನ ಊಟಕ್ಕೆ ಹೊರಟ ಮೇಲೆ. ಅಲ್ಲೇ ಟಿಕೆಟ್ ತೆಗೆದರೆ ದುಬಾರಿ. ನಾವು ಹೋದಾಗ ಮೆಟ್ರೋ, ಬಸ್ಸು, ಟ್ರಾಮಿಗೆ ಸಿಗುವ 24 ಗಂಟೆಯ ಪಾಸ್‌ನಲ್ಲೇ ಇದೂ ಸೇರಿತ್ತು, ಮೆಟ್ರೋ ಮೆಷಿನ್‌ನಲ್ಲೇ ತೆಗೆದುಕೊಂಡಿದ್ದೆವು.

ಒಳಗೆ ಹೋದರೆ ಆತುರ ಬೇಡ. ಗೋಡೆಗೆಲ್ಲ ಪಾಲಿಶ್ ಮಾಡಿದ ಮರ, ಹಿತ್ತಾಳೆ ಹಿಡಿಗಳು, ಉದ್ದ ಬೆಂಚು, ಕಿಟಕಿ, ಮತ್ತೆ ನಡೆಸುವುದಕ್ಕೆ ಒಬ್ಬ ಮನುಷ್ಯ. ಅಪ್ಪ ಬೆಂಚಿನಲ್ಲಿ ಕೂರಲಿಲ್ಲ. ಬಾಗಿಲ ಪಕ್ಕ ನಿಂತು ಹಿತ್ತಾಳೆ ಹಿಡಿ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿಕೊಂಡರು. ಹೊರಟಾಗ ಸಣ್ಣಗೆ ಒಂದು ನಡುಕ, ಆಮೇಲೆ ನೀರಿನ ಮೇಲೆ ಹೋದ ಹಾಗೆ. "ಡ್ರೈವರ್ ಒಳ್ಳೆಯವನು ಕಣೋ, ಹೊರಡೋವಾಗ ಜಗ್ಗಲಿಲ್ಲ" ಅಂದರು. ಕೆಜಿಎಫ್‌ನ ಚಾಂಪಿಯನ್ ರೀಫ್ 3 ಕಿಲೋಮೀಟರ್‌ಗೂ ಜಾಸ್ತಿ ಆಳದ ಗಣಿ. ಕೇಜಿನಲ್ಲಿ ಜನ ಕತ್ತಲೆಗೆ ಇಳಿಯುವಾಗ ಅವರಿಗೆ ಕಾಣದ ಕಡೆ ಕೂತು, ಗಂಟೆ ಎಷ್ಟು ಸಲ ಹೊಡೆಯಿತು ಅಂತ ಎಣಿಸಿ ಇಂಜಿನ್ ನಡೆಸಿದ ಕೈ ಅದು. ಇಲ್ಲಿ ಕೇಜು ಬೆಳಕಿನ ಕಡೆಗೆ ಹೋಗುತ್ತದೆ ಅಂತ ಮೇಲೆ ಬಂದ ಮೇಲೆ ಒಂದೇ ಮಾತು ಹೇಳಿದರು.

ಮೇಲೆ ನಿಂತರೆ ಎದುರಿಗೆ, ಪೂರ್ವಕ್ಕೆ, ಇನ್ನೊಂದು ದಿಣ್ಣೆಯ ಮೇಲೆ ಸಾವ್ ಜಾರ್ಜ್ ಕೋಟೆ. ಬಲಗಡೆ ತೇಜು ನದಿ, ಎಡಗಡೆ ರೊಸಿಯು ಚೌಕ. ಆ ಚೌಕದ ನೆಲಕ್ಕೆ ಕಪ್ಪು ಬಿಳಿ ಕಲ್ಲಿನಲ್ಲಿ ಅಲೆ ಅಲೆಯಾಗಿ ಮಾಡಿದ್ದಾರೆ, ಅದು ಮೇಲಿಂದ ನೋಡಿದರೇನೇ ಚಂದ. ನಡುವೆ ಎಲ್ಲ ಕೆಂಪು ಹೆಂಚು. ಕೋಟೆ ಪೂರ್ವಕ್ಕೆ ಇರುವುದರಿಂದ ಬೆಳಗ್ಗೆ ಸೂರ್ಯ ಕ್ಯಾಮೆರಾಗೆ ಎದುರು ಹೊಡೆಯುತ್ತಾನೆ. ಸಂಜೆ ಬೆಳಕು ನಿಮ್ಮ ಬೆನ್ನಿಗೆ ಬಂದು ಕೋಟೆ ಗೋಡೆ ಹೊಂಬಣ್ಣಕ್ಕೆ ತಿರುಗುತ್ತದೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತರ ಹೊತ್ತಿಗೆ, ಹಾಗಾಗಿ ಟೈಮು ಬೇಕಾದಷ್ಟು ಇರುತ್ತದೆ.

ಹೊರಡುವ ಮುಂಚೆ ಒಂದು ಕೆಲಸ ಮಾಡಿ. ಹಳೇ ಯಂತ್ರ, ರಿಪೇರಿಗೆ ಅಂತ ನಿಲ್ಲಿಸುವುದುಂಟು. 2025ರ ಸೆಪ್ಟೆಂಬರ್‌ನಲ್ಲಿ ಅದೇ ಊರಿನ ಗ್ಲೋರಿಯಾ ಅನ್ನುವ ಇಳಿಜಾರು ರೈಲು ಹಳಿ ತಪ್ಪಿ 16 ಜನ ಸತ್ತರು. ಅದು ಬೇರೆ ಗಾಡಿ, ಇದಲ್ಲ. ಆದರೂ ಹಳೇ ಯಂತ್ರಗಳ ತಪಾಸಣೆ ಅಂದರೆ ಇಷ್ಟೇ ದಿನ ಅಂತ ಇರುವುದಿಲ್ಲ. ಲಿಫ್ಟ್ ನಡೆಯುತ್ತಿದೆಯಾ ಅಂತ ಹಿಂದಿನ ದಿನ ಉಳಿದುಕೊಂಡ ಕಡೆ ಕೇಳಿಕೊಳ್ಳಿ. ನಿಂತಿದ್ದರೂ ಮೇಲಿನ ದಾರಿಯಿಂದ ಕಾರ್ಮು ತಾರಸಿಗೆ ಹೋಗಬಹುದು.

ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿಕೊಳ್ಳಿ. ಅಲ್ಲಿನ ಫುಟ್‌ಪಾತ್ ಪೂರ್ತಿ ಸವೆದ ಸಣ್ಣ ಕಲ್ಲು, ಮಳೆ ಬಂದರೆ ಜಾರುತ್ತದೆ. ಕ್ಯೂನಲ್ಲಿ ಪರ್ಸು ಜೋಪಾನ. ಅಂತರಗಂಗೆ ಮೆಟ್ಟಿಲು ಹತ್ತಿ ಅಭ್ಯಾಸ ಇದ್ದವರು ವಾಪಸ್ ಬರುವಾಗ ಲಿಫ್ಟ್ ಬಿಟ್ಟು ಕಾರ್ಮು ಬೀದಿಯಲ್ಲಿ ನಡೆದೇ ಇಳಿಯಿರಿ. ಅರ್ಧ ದಾರಿಯಲ್ಲಿ ತಿರುಗಿ ನೋಡಿದರೆ ಆಗಷ್ಟೇ ನಿಂತಿದ್ದ ಸೇತುವೆ ನಿಮ್ಮ ತಲೆಯ ಮೇಲೇ ಹಾದು ಹೋಗುತ್ತಿರುತ್ತದೆ. ಅಪ್ಪ ಅಲ್ಲಿ ಹತ್ತು ನಿಮಿಷ ನಿಂತಿದ್ದರು, ಗೋಪುರದ ಒಳಗೆ ಒಂದು ಕೇಜು ಮೇಲೆ ಬರುವಾಗ ಇನ್ನೊಂದು ಕೆಳಗೆ ಇಳಿಯುವುದನ್ನು ನೋಡುತ್ತಾ.