ಮೊದಲ ಅಧ್ಯಾಯ ನಾನು ಓದುತ್ತೇನೆ, ಮುಂದಿನದು ನಿಮ್ಮದು

ಪ್ರತಿ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಒಂದೇ ನಮೂನೆಯ ಫೋನು ಬರುತ್ತದೆ. "ಅಕ್ಕೋರೇ, ಆರನೇ ಕ್ಲಾಸಿನ ಮಕ್ಕಳಿಗೆ ಒಳ್ಳೆ ಕಾದಂಬರಿ ಯಾವುದು? ಹೆಸರು ಕಳಿಸಿ." ಕೇಳುವವರು ಬೇರೆ ಶಾಲೆಯ ಶಿಕ್ಷಕರು, ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವವರು, ಕೆಲವೊಮ್ಮೆ ಪಾಲಕರು. ನಾನು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನಲ್ಲಿ, ಕಡಲ ಬದಿಯ ಒಂದು ಸರ್ಕಾರಿ ಶಾಲೆಯಲ್ಲಿ ಐದರಿಂದ ಏಳನೇ ತರಗತಿವರೆಗೆ ಕನ್ನಡ ಕಲಿಸುತ್ತೇನೆ. ಅದಕ್ಕೂ ಮೊದಲು ಘಟ್ಟದ ಮೇಲೆ, ಶಿರಸಿ ಕಡೆ ಇದ್ದೆ. ಹೆಸರು ಕಳಿಸುತ್ತೇನೆ. ಜೊತೆಗೆ ಒಂದು ಮಾತು ಸೇರಿಸುತ್ತೇನೆ: ಮೊದಲ ಅಧ್ಯಾಯ ನೀವೇ ಮಕ್ಕಳೆದುರು ಗಟ್ಟಿಯಾಗಿ ಓದಿ. ಇಲ್ಲದಿದ್ದರೆ ಎಂಥ ಪುಸ್ತಕ ತರಿಸಿದರೂ ಅದು ಕಪಾಟಿನಲ್ಲೇ ಕೂರುತ್ತದೆ.

ಸಣ್ಣ ಮಕ್ಕಳಿಗೆ ಈಗ ಪುಸ್ತಕಗಳ ಬರ ಇಲ್ಲ. 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್‌ನವರ ಚಿತ್ರಪುಸ್ತಕಗಳು ಹಳ್ಳಿ ಶಾಲೆಗೂ ಬಂದಿವೆ. ಅವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳನ್ನು ಸುಮ್ನೆ ಮೊಬೈಲಿನಲ್ಲೇ ಓದಬಹುದು, ದುಡ್ಡು ಕೊಡಬೇಕಾಗಿಲ್ಲ. ತೊಂದರೆ ಇರುವುದು ಅದರ ಮುಂದಿನ ಮೆಟ್ಟಿಲಿನಲ್ಲಿ. ಐದನೇ ತರಗತಿಗೆ ಬಂದ ಮಗುವಿಗೆ ಚಿತ್ರಪುಸ್ತಕ ಸಾಲುವುದಿಲ್ಲ. ದೊಡ್ಡವರ ಪುಸ್ತಕ ಕೈಗೆ ಕೊಟ್ಟರೆ ಹೆದರುತ್ತದೆ. ಅಲ್ಲಿ ಬೇಕಾಗುವುದು ನೂರು ಪುಟದ ಆಸುಪಾಸಿನ, ಸಣ್ಣ ಸಣ್ಣ ಅಧ್ಯಾಯಗಳ ಕಾದಂಬರಿ. ಕಥೆ ಒಂದೇ ಕೂತಿಗೆ ಮುಗಿಯುತ್ತದೆ. ಕಾದಂಬರಿಗೆ ನಾಳೆ ಮತ್ತೆ ಬರಬೇಕು. ಆ ನಾಳೆ ಬರುವ ಅಭ್ಯಾಸ ಆಗಲಿ ಎಂದೇ ನಾನು ಕಾದಂಬರಿಯ ಹಿಂದೆ ಬಿದ್ದಿರುವುದು.

ಪುಸ್ತಕ ಆರಿಸುವಾಗ ಮೊದಲು ನಾನು ಪೂರ್ತಿ ಓದುತ್ತೇನೆ. ಬೆನ್ನುಡಿ ನಂಬುವುದಿಲ್ಲ. ಮೊದಲ ಐದಾರು ಪುಟದೊಳಗೆ ಏನಾದರೂ ನಡೆಯಬೇಕು. ಊರಿನ ವರ್ಣನೆ, ಮುಂಜಾನೆಯ ವರ್ಣನೆಯಲ್ಲೇ ಒಂದು ಅಧ್ಯಾಯ ಕಳೆದರೆ ಆ ಪುಸ್ತಕ ನನ್ನ ತರಗತಿಗೆ ಆಗುವುದಿಲ್ಲ. ಪ್ರತಿ ಅಧ್ಯಾಯದ ಕೊನೆಗೆ ಒಬ್ಬ ಅಜ್ಜನೋ ಮಾಸ್ತರೋ ಬಂದು ಬುದ್ಧಿ ಹೇಳುತ್ತಿದ್ದರೂ ಬದಿಗಿಡುತ್ತೇನೆ. ಮಕ್ಕಳು ದಿನವಿಡೀ ಬುದ್ಧಿಮಾತನ್ನೇ ಕೇಳುತ್ತಾರಲ್ವಾ, ಪುಸ್ತಕದಲ್ಲೂ ಯಾಕೆ? ಇನ್ನೊಂದು, ಮಾತುಕತೆ ಬಾಯಲ್ಲಿ ಸರಾಗ ಹೊರಳಬೇಕು. ಗಟ್ಟಿಯಾಗಿ ಓದಿದಾಗ ನನಗೇ ನಾಲಿಗೆ ತಡವರಿಸಿದರೆ ಮಗು ಹೇಗೆ ಓದೀತು?

ಬಿಸಿಯೂಟ ಮುಗಿದ ಮೇಲಿನ ಹೊತ್ತು ಗಟ್ಟಿ ಓದಿಗೆ ಒಳ್ಳೆಯದು. ಆಗ ಗಣಿತಕ್ಕೆ ಯಾರಿಗೂ ಮನಸ್ಸಿರುವುದಿಲ್ಲ, ಕೂತು ಕೇಳಲು ಎಲ್ಲರೂ ತಯಾರು. ಹದಿನೈದು ನಿಮಿಷಕ್ಕಿಂತ ಜಾಸ್ತಿ ಓದುವುದಿಲ್ಲ. ಎಲ್ಲಿ ನಿಲ್ಲಿಸಬೇಕು ಎಂದು ಹಿಂದಿನ ರಾತ್ರಿಯೇ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡಿರುತ್ತೇನೆ.

ನಾನು ಎಲ್ಲರಿಗಿಂತ ಮೊದಲು ಹೇಳುವ ಹೆಸರು 'ತೊತ್ತೋ ಚಾನ್'. ಜಪಾನಿನ ತೆತ್ಸುಕೊ ಕುರೊಯಾನಗಿ 1981ರಲ್ಲಿ ಬರೆದದ್ದು, ಕನ್ನಡದಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ತಂದಿದೆ. ಅದು ಲೇಖಕಿಯ ಬಾಲ್ಯದ ನಿಜ ಸಂಗತಿ, ಕಟ್ಟುನಿಟ್ಟಾಗಿ ನೋಡಿದರೆ ಕಾದಂಬರಿ ಅಲ್ಲ. ಮಕ್ಕಳು ಅದನ್ನು ಕೇಳುವುದೂ ಇಲ್ಲ. ಡೆಸ್ಕಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಲೇ ಇರುವ, ಪಾಠದ ನಡುವೆ ಕಿಟಕಿಗೆ ಹೋಗಿ ನಿಂತು ಬೀದಿಯ ವಾದ್ಯದವರನ್ನು ಕರೆಯುವ ಹುಡುಗಿ. ಶಾಲೆಯಿಂದ ಹೊರಗೆ ಹಾಕಿದ್ದಾರೆ. ಅಮ್ಮ ಹೊಸ ಶಾಲೆಗೆ ಕರೆದುಕೊಂಡು ಹೋಗುತ್ತಿದ್ದಾಳೆ. ಗೇಟಿನ ಹತ್ತಿರ ಹುಡುಗಿ ಗಿಡಗಳ ಸಂದಿಯಿಂದ ಇಣುಕಿ ನೋಡಿದರೆ ಒಳಗೆ ಕಾಣುವುದು ರೈಲು ಡಬ್ಬಿಗಳು. ಅವೇ ತರಗತಿಗಳು! ನನ್ನ ಪೆನ್ಸಿಲ್ ಗುರುತು ಅಲ್ಲೇ. ಪುಸ್ತಕ ಮುಚ್ಚಿ ಮೇಜಿನ ಮೇಲೆ ಇಡುತ್ತೇನೆ. "ಅಕ್ಕೋರೇ, ರೈಲಿನೊಳಗೆ ಕೂತು ಕಲೀತಾರಾ? ಅದು ಹೋಗ್ತದಾ?" ಉತ್ತರ ಪುಸ್ತಕದಲ್ಲಿದೆ ಎಂದಷ್ಟೇ ಹೇಳುತ್ತೇನೆ. ನಮ್ಮ ಮಕ್ಕಳು ಕೊಂಕಣ ರೈಲ್ವೆಯ ಸದ್ದು ಕೇಳಿಕೊಂಡೇ ಬೆಳೆದವರು. ಶಿರಸಿಗೆ ಇವತ್ತಿಗೂ ರೈಲು ಇಲ್ಲ, ಹಾಗಾಗಿ ಅಲ್ಲಿ ಇದೇ ಭಾಗ ಓದಿದಾಗ ಮಕ್ಕಳ ಕಣ್ಣು ಇನ್ನೂ ದೊಡ್ಡದಾಗುತ್ತಿತ್ತು.

ಆ ಪುಸ್ತಕದ ಇನ್ನೊಂದು ಅಧ್ಯಾಯ ನಮ್ಮ ಜಿಲ್ಲೆಗೆಂದೇ ಬರೆದ ಹಾಗಿದೆ. ಮುಖ್ಯ ಶಿಕ್ಷಕ ಕೊಬಾಯಾಶಿಯವರು ಮಕ್ಕಳ ಊಟದ ಡಬ್ಬಿಯಲ್ಲಿ ಕಡಲಿನದು ಏನಾದರೂ, ಬೆಟ್ಟದ್ದು ಏನಾದರೂ ಇರಬೇಕು ಎಂದು ಹೇಳಿರುತ್ತಾರೆ. ಯಾರ ಡಬ್ಬಿಯಲ್ಲಿ ಯಾವುದು ಇಲ್ಲವೋ ಅದನ್ನು ಅವರ ಹೆಂಡತಿ ಪಾತ್ರೆಯಿಂದ ಬಡಿಸುತ್ತಾರೆ. ಇದನ್ನು ಓದಿದ ಮರುದಿನ ನಮ್ಮ ಮಕ್ಕಳು ಬಿಸಿಯೂಟದ ತಟ್ಟೆ ನೋಡಿ ಲೆಕ್ಕ ಶುರು ಮಾಡಿದರು. ಅನ್ನ, ಸಾಂಬಾರು. ಕಡಲಿನದು ಎಲ್ಲಿ? ಸಾಂಬಾರಿನ ಉಪ್ಪು ಸಾಣಿಕಟ್ಟೆಯದ್ದಾದರೆ ಅದೂ ಕಡಲಿನದ್ದೇ ಎಂದು ಒಬ್ಬಳು ವಾದ ಹೂಡಿದಳು. ಉಪ್ಪು ಲೆಕ್ಕಕ್ಕಿಲ್ಲ, ಮೀನೇ ಆಗಬೇಕು ಎಂದು ಇನ್ನೊಬ್ಬ. ಬೆಟ್ಟದ್ದಕ್ಕೆ ಒಬ್ಬ ಮನೆಯಿಂದ ಅಪ್ಪೆಮಿಡಿ ಉಪ್ಪಿನಕಾಯಿ ತಂದು ಎಲ್ಲರಿಗೂ ಚೂರು ಚೂರು ಹಂಚಿದ. ಈ ಜಗಳದ ನಡುವೆ ಉಳಿದ ಅಧ್ಯಾಯದಲ್ಲಿ ಏನಿದೆ ಎಂದು ನೋಡಲು ಪುಸ್ತಕ ಕೈಯಿಂದ ಕೈಗೆ ಹೋಯಿತು. ಯಾವ ಪ್ರಶ್ನೋತ್ತರ ಬರೆಸಿದ್ದರೂ ಇದು ಆಗುತ್ತಿರಲಿಲ್ಲ. ಕೊನೆಗೆ ಆ ಶಾಲೆ ಯುದ್ಧದ ಬಾಂಬಿಗೆ ಸುಟ್ಟುಹೋಗುತ್ತದೆ. ಅದನ್ನು ಮುಚ್ಚಿಡಬೇಕು ಎಂದು ಕೆಲವು ಶಿಕ್ಷಕರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮಕ್ಕಳು ಅಲ್ಲಿಗೆ ಬರುವ ಹೊತ್ತಿಗೆ ಆ ದುಃಖ ತಡೆದುಕೊಳ್ಳುವಷ್ಟು ಗಟ್ಟಿಯಾಗಿರುತ್ತಾರೆ.

ಏಳನೇ ತರಗತಿಗೆ ಆರ್. ಕೆ. ನಾರಾಯಣರ ಸ್ವಾಮಿಯನ್ನು ಕೊಡುತ್ತೇನೆ. 'ಸ್ವಾಮಿ ಅಂಡ್ ಫ್ರೆಂಡ್ಸ್' ಎಂಬ 1935ರ ಇಂಗ್ಲಿಷ್ ಕಾದಂಬರಿ, ಕನ್ನಡಕ್ಕೆ ಬಂದಿದೆ. ಸೋಮವಾರ ಬೆಳಿಗ್ಗೆ ಎದ್ದೇಳಲು ಮನಸ್ಸಿಲ್ಲದ ಹುಡುಗನಿಂದ ಶುರುವಾಗುವ ಪುಸ್ತಕಕ್ಕೆ ಬೇರೆ ಪೀಠಿಕೆ ಬೇಕಾ? ನಮ್ಮ ಹೊನ್ನಾವರದ ಕಡೆಯ ಶಂಕರ್ ನಾಗ್ ಇದನ್ನು 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ತೋರಿಸಿದ್ದರು ಎಂದು ಹೇಳಿದರೆ ಮನೆಯಲ್ಲಿ ಅಪ್ಪ ಅಮ್ಮನಿಗೂ ನೆನಪಾಗುತ್ತದೆ, ಅವರೂ ಪುಟ ತಿರುವುತ್ತಾರೆ. ಹುಡುಗರು ಕ್ರಿಕೆಟ್ ಟೀಮು ಕಟ್ಟಿ, ಸಾಮಾನು ತರಿಸಲು ಮದ್ರಾಸಿನ ಕಂಪನಿಗೆ ಕಾಗದ ಬರೆಯುವ ಭಾಗ ಗಟ್ಟಿಯಾಗಿ ಓದಲು ಬಲು ಚೆಂದ. ಆಗಿನ ಶಾಲೆಯಲ್ಲಿ ಬೆತ್ತದ ಏಟು ಇತ್ತು, ಬ್ರಿಟಿಷರ ಆಡಳಿತ ಇತ್ತು ಎಂದು ಮೊದಲೇ ಎರಡು ಮಾತು ಹೇಳಿಬಿಡುತ್ತೇನೆ.

ಹೈಸ್ಕೂಲಿನವರು ಕೇಳಿದರೆ ತೇಜಸ್ವಿಯವರ 'ಕರ್ವಾಲೊ', ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೋಗುವವರ ಕಥೆ. ಇದು ಮಕ್ಕಳಿಗೆಂದು ಬರೆದದ್ದಲ್ಲ. ಆದರೆ ಎಂಟು ಒಂಬತ್ತನೇ ತರಗತಿಯವರು ಮಂದಣ್ಣನನ್ನೂ ಕಿವಿ ಎಂಬ ನಾಯಿಯನ್ನೂ ಬಿಟ್ಟು ಏಳುವುದಿಲ್ಲ. ಇಲ್ಲಿ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ವ್ಯತ್ಯಾಸ ಇದೆ. ಶಿರಸಿ, ಸಿದ್ದಾಪುರದ ಮಕ್ಕಳಿಗೆ ಜೇನುಪೆಟ್ಟಿಗೆ ಮನೆಯ ಹಿತ್ತಲಿನ ವಸ್ತು. ಹಾರುವ ಓತಿಯನ್ನು ಅಡಿಕೆ ತೋಟದಲ್ಲಿ ಕಣ್ಣಾರೆ ಕಂಡವರು ಅವರು. ಹಾಗಾಗಿ ಕಥೆಯೊಳಗೆ ನೇರ ಇಳಿಯುತ್ತಾರೆ. ಕರಾವಳಿಯ ಮಕ್ಕಳಿಗೆ ಓತಿಯ ಒಂದು ಫೋಟೋ ಮೊದಲೇ ತೋರಿಸಿದರೆ ಒಳ್ಳೆಯದು. ಮರದಿಂದ ಮರಕ್ಕೆ ತೇಲುತ್ತದೆ ಎಂದರೆ ಅವರು ನಂಬುವುದಿಲ್ಲ.

ಈಚೆಗೆ ಬಂದ ಕನ್ನಡದ್ದೇ ಮಕ್ಕಳ ಕಾದಂಬರಿಗಳ ಬಗ್ಗೆ ನನಗೆ ಬಹಳ ಖುಷಿ ಇದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಮೂರು ವರ್ಷ ಸಾಲಾಗಿ ಕನ್ನಡದ ಕಾದಂಬರಿಗಳಿಗೇ ಬಂತು. 2021ರಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'. ಬೀಗಾರರು ನಮ್ಮ ಸಿದ್ದಾಪುರದವರು, ಶಿಕ್ಷಕರಾಗಿದ್ದವರು. ಇದನ್ನು ಹೇಳಿದಾಗ ಮಕ್ಕಳ ಮುಖ ನೋಡಬೇಕು. ಪುಸ್ತಕ ಬರೆಯುವವರು ದೂರದಲ್ಲೆಲ್ಲೋ ಇರುತ್ತಾರೆ ಎಂದುಕೊಂಡವರಿಗೆ, ಘಟ್ಟ ಹತ್ತಿದರೆ ಸಿಗುವ ಊರಿನವರು ಎಂದರೆ ಆ ಪುಸ್ತಕ ತಮ್ಮದೇ ಅನ್ನಿಸುತ್ತದೆ. ಇವುಗಳ ಹೆಸರೇ ಅರ್ಧ ಕೆಲಸ ಮಾಡುತ್ತದೆ. ಗುಹೆ ಎಂದ ಕೂಡಲೇ ಯಾಣಕ್ಕೆ ಹೋಗಿಬಂದವರ ಬಾಯಿ ನಿಲ್ಲುವುದಿಲ್ಲ. ಸೂರಕ್ಕಿ ಎಂಬ ಪುಟ್ಟ ಹಕ್ಕಿ ಶಾಲೆಯ ದಾಸವಾಳಕ್ಕೇ ಬರುತ್ತದೆ. 2010ರಲ್ಲಿ ಈ ಪುರಸ್ಕಾರ ಪಡೆದ ಬೊಳುವಾರು ಮಹಮದ್ ಕುಂಞಿಯವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ'ಯನ್ನು ನಾನು ಏಪ್ರಿಲ್ ರಜೆಗೆ ಮೊದಲು ಕೊಡುತ್ತೇನೆ. 1930ರ ಏಪ್ರಿಲ್‌ನಲ್ಲೇ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದು, ಮಕ್ಕಳ ಮುತ್ತಜ್ಜಂದಿರು ನೋಡಿದ್ದು.

ಭಾಷೆಯ ವಿಷಯಕ್ಕೆ ಬರುತ್ತೇನೆ, ಇದು ನಮ್ಮ ಕರಾವಳಿಯಲ್ಲಿ ಮುಖ್ಯ. ನನ್ನ ತರಗತಿಯಲ್ಲಿ ಕೆಲವರ ಮನೆಮಾತು ಕೊಂಕಣಿ, ಕೆಲವರದು ಹಾಲಕ್ಕಿ ಒಕ್ಕಲಿಗರ ಆಡುಗನ್ನಡ. ಪುಸ್ತಕದ ಕನ್ನಡ ಅವರಿಗೆ ಶಾಲೆಯ ಭಾಷೆ. ಅವರಿಗೆ ಸುಲಭದ ಪುಸ್ತಕ ಕೊಡಿ ಎಂದು ಸಲಹೆ ಬರುತ್ತದೆ. ಅಂದರೆ ಆರನೇ ತರಗತಿಯ ಹುಡುಗನಿಗೆ ಎರಡನೇ ತರಗತಿಯ ಪುಸ್ತಕ. ಅದು ಅವನಿಗೆ ಅವಮಾನ. ನಾನು ಪುಸ್ತಕ ಅದೇ ಇಟ್ಟು, ಗಟ್ಟಿ ಓದು ಜಾಸ್ತಿ ಮಾಡುತ್ತೇನೆ. ಒಂದು ಅಧ್ಯಾಯದ ಬದಲು ಮೂರು. ಆಮೇಲೆ ಅಲ್ಲಿವರೆಗಿನ ಕಥೆಯನ್ನು ಮನೆಮಾತಿನಲ್ಲೇ ಹೇಳಲು ಬಿಡುತ್ತೇನೆ. ಸ್ವಾಮಿಯ ಅಜ್ಜಿ ಕೊಂಕಣಿಯಲ್ಲಿ ಮಾತಾಡಿದಾಗ ತರಗತಿಯೇ ನಗುತ್ತದೆ. ಹಾಗೆ ಕಥೆ ಹೇಳಿದ ಮಗು ಮಾರನೇ ದಿನ ಪುಸ್ತಕ ಕೇಳಿಕೊಂಡು ಬಂದೇ ಬರುತ್ತದೆ. ಕಥೆ ಗೊತ್ತಿದ್ದಾಗ ಕಷ್ಟದ ಶಬ್ದವನ್ನೂ ದಾಟಿಕೊಂಡು ಹೋಗುತ್ತಾರೆ.

ಓದಿದ ಮೇಲೆ ಸಾರಾಂಶ ಬರೆಸುವುದಿಲ್ಲ, ನೀತಿ ಕೇಳುವುದಿಲ್ಲ. "ಎಲ್ಲಿಗೆ ಬಂತು?" ಎಂದಷ್ಟೇ ಕೇಳುತ್ತೇನೆ. ಹಿಡಿಸದಿದ್ದರೆ ಅರ್ಧಕ್ಕೆ ವಾಪಸ್ ಕೊಡಬಹುದು, ಕಾರಣ ಹೇಳಬೇಕಾಗಿಲ್ಲ. ಬಹಳ ಶಿಕ್ಷಕರಿಗೆ ಇದು ಕಷ್ಟವಾಗುತ್ತದೆ. ಆದರೆ ಬಲವಂತದಿಂದ ಒಂದು ಪುಸ್ತಕ ಮುಗಿಸಿದ ಮಗು ಎರಡನೆಯದನ್ನು ಮುಟ್ಟುವುದಿಲ್ಲ.

ಗ್ರಂಥಾಲಯದವರಿಗೆ ನನ್ನ ವಿನಂತಿ ಒಂದೇ. ಹತ್ತು ಶೀರ್ಷಿಕೆಯ ಒಂದೊಂದು ಪ್ರತಿ ತರುವ ಬದಲು ಎರಡು ಶೀರ್ಷಿಕೆಯ ಐದೈದು ಪ್ರತಿ ತನ್ನಿ. ಗೆಳತಿ ಓದುತ್ತಿರುವ ಪುಸ್ತಕವೇ ಮಗುವಿಗೆ ಬೇಕು, ಅದು ಈ ವಾರವೇ ಬೇಕು. ಸರದಿ ಬರುವ ಹೊತ್ತಿಗೆ ಆಸೆ ಆರಿರುತ್ತದೆ. ಮಳೆಗಾಲದಲ್ಲಿ ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ, ಒರಲೆಯೂ ಹತ್ತುತ್ತದೆ. ಪುಸ್ತಕಗಳನ್ನು ಒತ್ತೊತ್ತಾಗಿ ತುಂಬಬೇಡಿ. ಇನ್ನು, ಮಕ್ಕಳ ಕೈಗೆ ಹೋಗಿ ಹಾಳಾಗುವುದಕ್ಕೆ ಹೆದರಬೇಡಿ. ನಮ್ಮಲ್ಲಿ ಜೋರು ಮಳೆಗೆ ಶಾಲೆಗೆ ರಜೆ ಕೊಡುವ ದಿನಗಳೇ ಬಹಳ. ಮೋಡ ಕಟ್ಟಿದ ಸಂಜೆ ನಾನು ಎಲ್ಲ ಪ್ರತಿಗಳನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮನೆಗೆ ಕಳಿಸುತ್ತೇನೆ. ವರ್ಷದಲ್ಲಿ ಜಾಸ್ತಿ ಓದು ಆಗುವುದು ಆ ರಜೆಗಳಲ್ಲೇ.

ಏಳನೇ ತರಗತಿ ಮುಗಿಸಿ ಹೋಗುವವರ ಚಿಂತೆ ಬೇರೆ. ಹೈಸ್ಕೂಲಿನಲ್ಲಿ ಪರೀಕ್ಷೆಯ ಮಾತೇ ಜಾಸ್ತಿ, ಕಾದಂಬರಿ ಕೊಡುವವರು ಕಡಿಮೆ. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಲ್ಲಿ 'ಓದುವ ಬೆಳಕು' ಕಾರ್ಯಕ್ರಮ 2020ರ ನವೆಂಬರ್‌ನಲ್ಲಿ ಶುರುವಾದಾಗಿನಿಂದ ಆರರಿಂದ ಹದಿನೆಂಟು ವರ್ಷದವರಿಗೆ ಸದಸ್ಯತ್ವ ಉಚಿತ. ಹಾಗಾಗಿ ಮಾರ್ಚ್‌ನಲ್ಲಿ ಏಳನೇ ತರಗತಿಯವರನ್ನು ಕರೆದುಕೊಂಡು ಹೋಗಿ ಹೆಸರು ಬರೆಸುತ್ತೇನೆ. ಅವರು ಇಷ್ಟಪಟ್ಟ ಪುಸ್ತಕ ಯಾವುದು, ಮುಂದೆ ಏನು ಕೊಡಬಹುದು ಎಂದು ಒಂದು ಚೀಟಿಯಲ್ಲಿ ಬರೆದು ಗ್ರಂಥಾಲಯದವರ ಕೈಗೆ ಕೊಟ್ಟು ಬರುತ್ತೇನೆ. 'ಕರ್ವಾಲೊ' ಅಲ್ಲಿ ಇಲ್ಲದಿದ್ದರೆ ತರಿಸಿಡಿ ಎಂದೂ ಅದರಲ್ಲೇ ಬರೆದಿರುತ್ತೇನೆ.