ಗಂಡ-ಹೆಂಡತಿ ಜೊತೆಯಾಗಿ ಬೆಟ್ಟ ಹತ್ತುವುದು ಹೇಗೆ?

ಅಂಜನಾದ್ರಿಗೆ 575 ಮೆಟ್ಟಿಲು. ಅರ್ಧ ದಾರಿಯಲ್ಲಿ ಗಂಡ ಮೇಲೆ ನಿಂತು ‘ಲಗೂ ಬಾ’ ಅಂತ ಕರೆಯುತ್ತಿರುತ್ತಾನೆ, ಹೆಂಡತಿ ಏದುಸಿರು ಬಿಡುತ್ತಾ ಕೆಳಗೆ ಕೂತಿರುತ್ತಾಳೆ. ‘ನಿನಗೆ ರೂಢಿ ಇಲ್ಲ’ ಅಂದುಬಿಡುವುದು ಸುಲಭ. ಆದರೆ ಕಾರಣ ಅದೊಂದೇ ಅಲ್ಲ. ಸಾಮಾನ್ಯವಾಗಿ ಹೆಂಗಸರ ಹೃದಯ ಗಂಡಸರದ್ದಕ್ಕಿಂತ ಚಿಕ್ಕದು, ಒಂದು ಬಡಿತಕ್ಕೆ ಅದು ತಳ್ಳುವ ರಕ್ತ ಕಡಿಮೆ, ಆ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನೂ ಕಡಿಮೆ. ಹಾಗಾಗಿ ಇಬ್ಬರೂ ಒಂದೇ ವೇಗದಲ್ಲಿ ಹತ್ತಿದರೂ ಅವಳ ಎದೆ ಜಾಸ್ತಿ ಬಡಿದುಕೊಳ್ಳುತ್ತದೆ.

ಮೊದಲು ರಕ್ತ ಪರೀಕ್ಷೆ ಮಾಡಿಸಿ. 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಹೆಂಗಸರಿಗೆ 12 ಗ್ರಾಂ, ಗಂಡಸರಿಗೆ 13 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. ಪ್ರತಿ ತಿಂಗಳು ಮುಟ್ಟಿನಲ್ಲಿ ಕಬ್ಬಿಣದಂಶ ಹೋಗುತ್ತದೆ, ಮನೆಯವರಿಗೆಲ್ಲ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವ ರೂಢಿ ಬೇರೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಕಡಿಮೆ ಬಂದರೆ ಡಾಕ್ಟರಿಗೆ ತೋರಿಸಿ. ರೊಟ್ಟಿ, ಕಾಳುಪಲ್ಯದ ಜೊತೆ ನಿಂಬೆಹಣ್ಣು ಹಿಂಡಿಕೊಳ್ಳಿ, ಉಂಡ ಕೂಡಲೇ ಚಹಾ ಬೇಡ. ಚಹಾ ಕುಡಿದರೆ ಊಟದಲ್ಲಿನ ಕಬ್ಬಿಣದಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಆಮೇಲೆ ನಡಿಗೆ. ಗಡಿಯಾರ ನೋಡಬೇಡಿ, ಉಸಿರು ನೋಡಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ. ನಿಧಾನ ಹತ್ತುವವರು ಮುಂದೆ ಇರಲಿ.

ವಾರಕ್ಕೆ ಎರಡು ದಿನ ಬಸ್ಕಿ, ಭಾರ ಎತ್ತುವುದು ಇಬ್ಬರಿಗೂ ಬೇಕು. ಭಾರ ಎತ್ತಿದರೆ ಮೈ ಗಂಡಸರ ಹಾಗೆ ಆಗುತ್ತದೆ ಅನ್ನೋ ಭಯ ಬಿಡಿ. ಸ್ನಾಯು ದಪ್ಪವಾಗಿಸುವ ಟೆಸ್ಟೋಸ್ಟೆರಾನ್ ಹೆಂಗಸರಲ್ಲಿ ತುಂಬಾ ಕಡಿಮೆ, ಆದರೆ ಮೊದಲಿದ್ದ ಶಕ್ತಿಗೆ ಹೋಲಿಸಿದರೆ ಅವರ ಬಲವೂ ಗಂಡಸರಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ. ತಮ್ಮ ತಮ್ಮ ಶಕ್ತಿಯ ಅರ್ಧದಷ್ಟು ಭಾರ ಹಿಡಿದು ನಿಲ್ಲಲು ಹೇಳಿದರೆ ಎಷ್ಟೋ ಸಲ ಹೆಂಗಸರೇ ಜಾಸ್ತಿ ಹೊತ್ತು ನಿಲ್ಲುತ್ತಾರೆ! ಬಸ್ಕಿ ಹೊಡೆಯುವಾಗ ಮೊಣಕಾಲು ಒಳಕ್ಕೆ ವಾಲದಂತೆ ನೋಡಿಕೊಳ್ಳಿ. ಜಿಗಿದು ತಿರುಗುವ ಆಟಗಳಲ್ಲಿ ಹುಡುಗಿಯರಿಗೆ ಮೊಣಕಾಲಿನ ಪೆಟ್ಟು ಹೆಚ್ಚು.

ಬಳ್ಳಾರಿ, ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ಹೊತ್ತು ಮೂಡುವ ಮುಂಚೆಯೇ ಮುಗಿಸಿ. ಮುಟ್ಟಿಗೆ ಮುಂಚಿನ ಸುಮಾರು ಎರಡು ವಾರ ಹೆಂಗಸರ ಮೈ ಬಿಸಿ 0.3ರಿಂದ 0.5 ಡಿಗ್ರಿ ಏರಿರುತ್ತದೆ, ಸೆಖೆ ಜಾಸ್ತಿ ಅನ್ನಿಸಿದರೆ ಆಗ ವೇಗ ತಗ್ಗಿಸಿ. ಮುಟ್ಟಿನ ದಿನ ಮೈ ಒಪ್ಪಿದರೆ ವ್ಯಾಯಾಮ ಮಾಡಬಹುದು, ಸುಮ್ನೆ ನಿಲ್ಲಿಸಬೇಕಿಲ್ಲ. ಆದರೆ ವ್ಯಾಯಾಮ ಜಾಸ್ತಿಯಾಗಿ, ಊಟ ಕಡಿಮೆಯಾಗಿ ಮೂರು ತಿಂಗಳು ಮುಟ್ಟೇ ಆಗದಿದ್ದರೆ ಮಾತ್ರ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.