ಸ್ಟಾಕ್ ಮಾಡಿ, ಆದರೆ ಸ್ಟೋರೇಜನ್ನು ಅದರೊಳಗೆ ಹಾಕಬೇಡಿ: ಗಿಣಿಗೇರಾ ಸರ್ವರ್ ರೂಮಿನ ನನ್ನ ಅನುಭವ

ಲಾರಿ ತೂಗುವ ಕಾಟಾ ನಿಂತರೆ ಏನಾಗುತ್ತೆ ಅಂತ ಕೊಪ್ಪಳ ಕಡೆ ಫ್ಯಾಕ್ಟರಿಗಳಲ್ಲಿ ಇರುವವರಿಗೆ ನಾನು ಹೇಳಬೇಕಿಲ್ಲ. ಹತ್ತು ನಿಮಿಷ ತೂಕ ಆಗದಿದ್ದರೆ ಲಾರಿಗಳ ಸಾಲು ಗೇಟ್ ದಾಟಿ ರಸ್ತೆಗೆ ಬಂದಿರುತ್ತೆ. ಗಿಣಿಗೇರಾ ಹತ್ತಿರದ ಒಂದು ಸ್ಪಾಂಜ್ ಐರನ್ ಫ್ಯಾಕ್ಟರಿಯ ಸರ್ವರ್ ರೂಮ್ ನಾನು ನೋಡಿಕೊಳ್ಳುತ್ತೇನೆ. ನಾಲ್ಕು ಸರ್ವರ್, ಒಂದು ಐ-ಸ್ಕಸಿ ಸ್ಟೋರೇಜ್ (ನೆಟ್‌ವರ್ಕ್ ಮೂಲಕವೇ ಸರ್ವರ್‌ಗಳಿಗೆ ಡಿಸ್ಕ್ ಕೊಡುವ ಡಬ್ಬ), ಅದರ ಮೇಲೆ ಇಪ್ಪತ್ತೈದು ಮೂವತ್ತು ವಿಎಂ, ಅಂದರೆ ವರ್ಚುವಲ್ ಮೆಷಿನ್. ಕಾಟಾ, ಅಕೌಂಟ್ಸ್, ಹಾಜರಿ ಎಲ್ಲಾ ಅದರಲ್ಲೇ. ಈಗ ಒಂದೂವರೆ ವರ್ಷದಿಂದ ನೆಟ್‌ವರ್ಕ್ ಕಾರಣಕ್ಕೆ ಕಾಟಾ ಒಂದು ಸಲವೂ ನಿಂತಿಲ್ಲ. ಓಡುತ್ತಿರುವುದು ಸೆಕೆಂಡ್ ಹ್ಯಾಂಡ್ ಸ್ವಿಚ್‌ಗಳ (ಸರ್ವರ್‌ಗಳನ್ನು ಕೇಬಲ್‌ನಲ್ಲಿ ಜೋಡಿಸುವ ಡಬ್ಬಗಳ) ಮೇಲೆ. ಅವು ಈ ಧೂಳಿನಲ್ಲಿ ಆರು ತಿಂಗಳು ಬಾಳಲ್ಲ ಅಂದವರು ಬಹಳ ಜನ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಾಡಿದ ತಪ್ಪು ಹೇಳುತ್ತೇನೆ. ಮೊದಲ ಸಲ ಎರಡು ಹೊಸ 24 ಪೋರ್ಟಿನ ಸ್ವಿಚ್ ತಂದು ಸ್ಟಾಕ್ ಮಾಡಿದೆ, ಅಂದರೆ ಎರಡನ್ನೂ ಜೋಡಿಸಿ ಒಂದೇ ಸ್ವಿಚ್ಚಿನ ಹಾಗೆ ಓಡಿಸಿದೆ. ಆಫೀಸಿಗೆ ಹಾಕುವ ತರಹದವು, ಒಂದೊಂದಕ್ಕೂ ಒಂದೇ ಪವರ್ ಸಪ್ಲೈ. ಲ್ಯಾನ್ (ಮಾಮೂಲಿ ನೆಟ್‌ವರ್ಕ್) ಅದರಲ್ಲೇ, ಸ್ಟೋರೇಜ್ ಅದರಲ್ಲೇ. ಎರಡು ಡಬ್ಬ ಇದೆ, ಸ್ಟೋರೇಜಿನ ಎರಡು ದಾರಿ ಎರಡು ಡಬ್ಬಕ್ಕೆ ಹೋಗಿದೆ, ಇನ್ನೇನು ಬೇಕು ಅಂದುಕೊಂಡಿದ್ದೆ. ಒಂದು ಭಾನುವಾರ ರಾತ್ರಿ ಹೊಸ ಫರ್ಮ್‌ವೇರ್ (ಸ್ವಿಚ್ಚಿನ ಒಳಗಿನ ಸಾಫ್ಟ್‌ವೇರ್) ಹಾಕಿದೆ. ಸ್ಟಾಕ್ ಅಂದರೆ ಒಂದೇ ಸ್ವಿಚ್ ಇದ್ದ ಹಾಗೆ ಅಲ್ವಾ, ಎರಡೂ ಒಟ್ಟಿಗೇ ರೀಲೋಡ್ ಆದವು. ಏಳೆಂಟು ನಿಮಿಷ ಸ್ಟೋರೇಜಿನ ಎರಡೂ ದಾರಿ ಇಲ್ಲ. ಲಿನಕ್ಸ್ ವಿಎಂಗಳ ಡಿಸ್ಕ್ ರೀಡ್-ಓನ್ಲಿ ಆಯಿತು, ಕಾಟಾದ ಡೇಟಾಬೇಸ್ ಕೆಟ್ಟಿತು. ಬ್ಯಾಕಪ್ ಇತ್ತು, ಆದರೆ ಎದ್ದು ನಿಲ್ಲುವ ಹೊತ್ತಿಗೆ ಬೆಳಗ್ಗೆ ಒಂಬತ್ತೂವರೆ. ಅವತ್ತು ಲಾರಿ ಕಾಯಿಸಿದ್ದಕ್ಕೇ ಎಪ್ಪತ್ತು ಎಂಬತ್ತು ಸಾವಿರ ಹೋಯಿತು ಅಂತ ನೆನಪು.

ಅದಾದ ಒಂದೇ ತಿಂಗಳಿಗೆ ಮಾಸ್ಟರ್, ಅಂದರೆ ಸ್ಟಾಕನ್ನು ನಡೆಸುವ ಸ್ವಿಚ್ಚಿನ ಪವರ್ ಸಪ್ಲೈ ಸುಟ್ಟಿತು. ಎರಡನೆಯದು ಮಾಸ್ಟರ್ ಆಯಿತು, ಸರಿ. ಆದರೆ ಸ್ಟಾಕಿನ ಮ್ಯಾಕ್ ವಿಳಾಸವೂ (ನೆಟ್‌ವರ್ಕಿನಲ್ಲಿ ಅದರ ಗುರುತು) ಬದಲಾಯಿತು, ಎರಡು ಕೇಬಲ್ ಸೇರಿಸಿ ಒಂದೇ ಲಿಂಕ್ ಮಾಡಿದ್ದ ಎಲ್‌ಎಸಿಪಿ ಬಾಂಡ್‌ಗಳೆಲ್ಲಾ ಒಂದು ಸಲ ಬಿದ್ದು ಎದ್ದವು. ಚೆನ್ನಾಗಿದ್ದ ಸ್ವಿಚ್ಚಿನ ಕೇಬಲ್‌ಗಳೂ ಸೇರಿ! ಸಿಸ್ಕೋದ ಹಳೆಯ ಸ್ಟಾಕ್‌ಗಳಲ್ಲಿ ಇದಕ್ಕೆ ಒಂದೇ ಸಾಲಿನ ಮದ್ದು ಇದೆ, ಸ್ಟಾಕ್-ಮ್ಯಾಕ್ ಪರ್ಸಿಸ್ಟೆಂಟ್ ಟೈಮರ್ 0 ಅನ್ನುವ ಕಮಾಂಡ್, ಮಾಸ್ಟರ್ ಬದಲಾದರೂ ಹಳೆಯ ಮ್ಯಾಕ್ ಉಳಿಯುತ್ತೆ. ಯಾವ ಕಂಪನಿಯ ಸ್ಟಾಕ್ ತಂದರೂ ಮಾಸ್ಟರ್ ಹೋದಾಗ ಮ್ಯಾಕ್ ಏನಾಗುತ್ತೆ ಅಂತ ಕೇಳಿಯೇ ದುಡ್ಡು ಕೊಡಿ. ಮಾರುವವರಲ್ಲಿ ನೂರಕ್ಕೆ ತೊಂಬತ್ತು ಜನಕ್ಕೆ ಉತ್ತರ ಗೊತ್ತಿರಲ್ಲ.

ಎರಡು ಹೊಸ ದೊಡ್ಡ ಸ್ವಿಚ್‌ಗೆ ಒಬ್ಬರು ಒಂಬತ್ತು ಲಕ್ಷದ ಕೊಟೇಶನ್ ಕೊಟ್ಟರು. ಧಣಿ ನೋಡಿ, "ಅಷ್ಟು ರೊಕ್ಕದಾಗ ಒಂದು ಲಾರಿನೇ ಬರ್ತೈತ್ರೀ" ಅಂದರು. ಮೂರು ಲಕ್ಷದಲ್ಲಿ ಮಾಡಿ ತೋರಿಸುತ್ತೇನೆ ಅಂತ ಹೇಳಿ ಬಂದೆ.

ಆಗ ನಿರ್ಧಾರ ಮಾಡಿದ್ದು ಇಷ್ಟು. ಲ್ಯಾನ್‌ಗೆ ಸ್ಟಾಕ್ ಬೇಕು, ಯಾಕಂದರೆ ಪ್ರತಿ ಸರ್ವರ್‌ನಿಂದ ಎರಡು ಕೇಬಲ್ ಎರಡು ಡಬ್ಬಕ್ಕೆ ಹೋಗಿ ಒಂದೇ ಬಾಂಡ್ ಆಗಬೇಕು. ಸ್ಟೋರೇಜ್‌ಗೆ ಸ್ಟಾಕ್ ಬೇಡವೇ ಬೇಡ. ಎರಡು ಬೇರೆ ಬೇರೆ ಸ್ವಿಚ್, ಒಂದಕ್ಕೊಂದು ಕೇಬಲ್ ಕೂಡ ಇಲ್ಲ, ಎರಡು ಸಬ್‌ನೆಟ್ (ಬೇರೆ ಬೇರೆ ಐಪಿ ಗುಂಪು), ಒಂದು ದಾರಿ ಹೋದರೆ ಇನ್ನೊಂದಕ್ಕೆ ಹೊರಳುವುದನ್ನು ಸರ್ವರಿನ ಮಲ್ಟಿಪಾತ್ ನೋಡಿಕೊಳ್ಳುತ್ತೆ. ಒಂದನ್ನು ಹಗಲಲ್ಲೇ ಆಫ್ ಮಾಡಿ ಫರ್ಮ್‌ವೇರ್ ಹಾಕಬಹುದು. ಇದನ್ನು ಹೇಳಿದಾಗ ಬೆಂಗಳೂರಿನ ಒಬ್ಬ ಇಂಜಿನಿಯರ್, ನಾಲ್ಕನ್ನೂ ಒಂದೇ ಸ್ಟಾಕ್ ಮಾಡಿದರೆ ನೋಡಿಕೊಳ್ಳುವುದು ಸುಲಭ ಅಂತ ಅರ್ಧ ಗಂಟೆ ವಾದ ಮಾಡಿದರು. ಸುಲಭ ನಿಜ, ಬೀಳುವುದೂ ಒಟ್ಟಿಗೇ.

ಲ್ಯಾನ್‌ಗೆ ಆರಿಸಿದ್ದು ಸಿಸ್ಕೋ 3850, 24 ಪೋರ್ಟಿನದು, ರೀಫರ್ಬಿಶ್ಡ್. ಹಿಂದುಗಡೆ ಸ್ಟಾಕಿಗೆಂದೇ ಬೇರೆ ಪೋರ್ಟ್ ಇದೆ, 480 ಗಿಗಾಬಿಟ್ ಅಂತ ಲೆಕ್ಕ. ಎರಡು ಪವರ್ ಸಪ್ಲೈ ಹಾಕಬಹುದು, ಫ್ಯಾನ್ ಬಿಚ್ಚಿ ಬದಲಾಯಿಸಬಹುದು. ಹೊಸದಾಗಿ ಮಾರುವುದು ನಿಂತಿದೆ, ಅದಕ್ಕೇ ಸೆಕೆಂಡ್ಸ್‌ನಲ್ಲಿ ಇಷ್ಟು ಅಗ್ಗ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಎರಡು ದಿನ ಅಲೆದು ಮೂರು ತಂದೆ. ಎರಡು ಓಡಿಸಲು, ಒಂದು ಕಪಾಟಿನಲ್ಲಿ. ಒಂದಕ್ಕೆ 38 ಸಾವಿರದ ಆಸುಪಾಸು. ಎರಡನೇ ಪವರ್ ಸಪ್ಲೈಗಳಿಗೆ ಒಟ್ಟು 18, ಸ್ಟಾಕ್ ಕೇಬಲ್‌ಗೆ 10, ಅಪ್‌ಲಿಂಕ್ ಮಾಡ್ಯೂಲ್ (ಬೇರೆ ಸ್ವಿಚ್‌ಗೆ ಜೋಡಿಸುವ ಪೋರ್ಟ್‌ಗಳ ತುಂಡು) ಎರಡಕ್ಕೆ 18 ಸಾವಿರ. ಈ ಮೂರೂ ಡಬ್ಬದ ಜೊತೆ ಬರಲ್ಲ, ಬೆಲೆ ಕೇಳುವಾಗಲೇ ಸೇರಿಸಿ ಕೇಳಿ. ಸ್ಟೋರೇಜ್‌ಗೆ ಎರಡು ಹಳೆಯ 10 ಗಿಗಾ ಸ್ವಿಚ್ 1 ಲಕ್ಷ 10 ಸಾವಿರ, ಅದಕ್ಕೆ ಹಾಕುವ ಡ್ಯಾಕ್ ಅನ್ನುವ ತಾಮ್ರದ ಕೇಬಲ್ ಹದಿನೈದೋ ಹದಿನಾರೋ ಸಾವಿರ. ಎಲ್ಲಾ ಸೇರಿ ಮೂರು ಲಕ್ಷದೊಳಗೆ ಮುಗಿಯಿತು.

ಮೂರರಲ್ಲಿ ಒಂದು ಸ್ಟಾಕಿಗೆ ಸೇರಲೇ ಇಲ್ಲ. ಅದರ ಲೈಸೆನ್ಸ್ ಲ್ಯಾನ್ ಬೇಸ್, ಉಳಿದವು ಐಪಿ ಬೇಸ್. ಲೈಸೆನ್ಸ್ ಮಟ್ಟ ಒಂದೇ ಇರಬೇಕು, ಸಾಫ್ಟ್‌ವೇರ್ ವರ್ಷನ್ನೂ ಒಂದೇ ಇರಬೇಕು. ಮಾರಿದವರು ಮೊದಲು ಒಪ್ಪಲಿಲ್ಲ, ಮತ್ತೆ ಬಸ್ ಹತ್ತಿ ಹೋಗಿ ಬದಲಾಯಿಸಿಕೊಂಡು ಬಂದೆ. ಈಗ ಖರೀದಿಗೆ ಹೋದರೆ ಲ್ಯಾಪ್‌ಟಾಪ್, ಕನ್ಸೋಲ್ ಕೇಬಲ್, ಒಂದು ಸ್ಟಾಕ್ ಕೇಬಲ್ ಬ್ಯಾಗಲ್ಲೇ ಇರುತ್ತೆ. ಅಂಗಡಿ ಕೌಂಟರ್ ಮೇಲೇ ಸ್ಟಾಕ್ ಮಾಡಿಸಿ ನೋಡುತ್ತೇನೆ. ಶೋ ಸ್ವಿಚ್ ಸ್ಟಾಕ್-ಪೋರ್ಟ್ಸ್ ಸಮ್ಮರಿ ಹಾಕಿದರೆ ಲಿಂಕ್ ಎಷ್ಟು ಸಲ ಬಿದ್ದು ಎದ್ದಿದೆ ಅಂತ ಒಂದು ಎಣಿಕೆ ಬರುತ್ತೆ. ಅದು ಸುಮ್ನೆ ಏರುತ್ತಿದ್ದರೆ ಕೇಬಲ್ಲೋ ಕನೆಕ್ಟರೋ ಕೆಟ್ಟಿದೆ, ಆ ಡಬ್ಬ ಬಿಡಿ.

ನಿಜವಾಗಿ ಕಾಡಿದ್ದು ಧೂಳು ಮತ್ತು ಸೆಕೆ. ನಮ್ಮ ಧೂಳು ಬರೀ ಮಣ್ಣಲ್ಲ, ಅದರಲ್ಲಿ ಕಬ್ಬಿಣ ಇದೆ, ಕರೆಂಟ್ ಹಾಯುತ್ತೆ. ಬೋರ್ಡ್ ಮೇಲೆ ಕೂತರೆ ಶಾರ್ಟ್. ಇನ್ನೊಂದು, ಸರ್ವರ್ ಪೋರ್ಟ್‌ಗಳು ಹಿಂದೆ ಇರುತ್ತವೆ ಅಂತ ಸ್ವಿಚ್ಚನ್ನೂ ರ‍್ಯಾಕಿನ ಹಿಂದಕ್ಕೆ ಮುಖ ಮಾಡಿ ಹಾಕಿದ್ದೆ. 3850 ಗಾಳಿ ಎಳೆಯುವುದು ಪೋರ್ಟ್ ಕಡೆಯಿಂದ, ಅಂದರೆ ಸರ್ವರ್ ಬಿಟ್ಟ ಬಿಸಿ ಗಾಳಿಯನ್ನೇ ಕುಡಿಯುತ್ತಿತ್ತು. ಏಪ್ರಿಲ್‌ನಲ್ಲಿ ಹೊರಗೆ 41 ಡಿಗ್ರಿ, ಒಂದು ಎಸಿ ಕೈಕೊಟ್ಟ ದಿನ ಒಳಗೆ ಸೇರುವ ಗಾಳಿಯೇ 45ರ ಹತ್ತಿರ ಹೋಯಿತು, ಅದೇ ಅದರ ಮಿತಿ. ನಮ್ಮ ಫ್ಯಾಬ್ರಿಕೇಶನ್ ಶೆಡ್‌ನವರ ಹತ್ತಿರ ತಗಡಿನ ಡಕ್ಟ್ ಮಾಡಿಸಿ ಮುಂದಿನ ತಣ್ಣನೆ ಗಾಳಿ ಹಿಂದಿನ ಪೋರ್ಟ್ ಕಡೆ ಬರುವ ಹಾಗೆ ಮಾಡಿದೆ. ಖರ್ಚು 900 ರೂಪಾಯಿ, ಇಳಿದದ್ದು ಹತ್ತತ್ತಿರ 9 ಡಿಗ್ರಿ. ಡಕ್ಟಿನ ಬಾಯಿಗೆ ಯಾವ ಫಿಲ್ಟರ್ ಬಟ್ಟೆ ಕಟ್ಟಿದ್ದೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಮೂರು ಬಟ್ಟೆ ಹಾಳು ಮಾಡಿ ಕಂಡುಕೊಂಡದ್ದು ಅದು.

ನಡುವೆ ಇನ್ನೊಂದು ಪ್ರಯೋಗವೂ ಮಾಡಿದೆ. ಅರುಬಾ 2930ಎಫ್‌ನಲ್ಲಿ ಮಾಮೂಲಿ 10 ಗಿಗಾ ಪೋರ್ಟಿನಲ್ಲೇ ಸ್ಟಾಕ್ ಆಗುತ್ತೆ, ಬೇರೆ ಕೇಬಲ್ ಬೇಕಿಲ್ಲ, ಫೈಬರ್ ಹಾಕಿದರೆ ದೂರದಲ್ಲಿದ್ದರೂ ಆಗುತ್ತೆ. ಸರ್ವರ್ ರೂಮಲ್ಲಿ ಒಂದು, ಮುನ್ನೂರು ಮೀಟರ್ ಆಚೆ ಕಾಟಾ ರೂಮಲ್ಲಿ ಒಂದು ಇಟ್ಟು ಒಂದೇ ಸ್ಟಾಕ್ ಮಾಡಿ ನೋಡಿದೆ. ಬಹಳ ಚೆಂದ ಓಡಿತು. ಇಪ್ಪತ್ತು ದಿನಕ್ಕೆ ಚರಂಡಿ ತೋಡಲು ಬಂದ ಜೆಸಿಬಿ ಫೈಬರ್ ಹರಿಯಿತು. ಎರಡೂ ಕಡೆ ನಾನೇ ಯಜಮಾನ ಅಂತ ಒಂದೇ ಐಪಿ ಹಿಡಿದು ಕೂತವು. ಹೀಗಾಗದಂತೆ ತಡೆಯುವ ಸೌಲಭ್ಯ ಅದರಲ್ಲೇ ಇದೆ, ನಾನು ಹಾಕಿರಲಿಲ್ಲ. ಆಮೇಲೆ ಹಾಕಿ ಪರೀಕ್ಷೆ ಮಾಡಿದೆ, ಕೆಲಸ ಮಾಡಿತು. ಆದರೂ ಸ್ಟಾಕ್ ಕೇಬಲ್ ಒಂದು ರ‍್ಯಾಕ್ ದಾಟಿ ಹೋಗಬಾರದು ಅನ್ನುವುದು ಈಗ ನನ್ನ ನಿಯಮ. ಎರಡೇ ಡಬ್ಬ ಇದ್ದರೂ ಎರಡು ಕೇಬಲ್ ಹಾಕಿ ರಿಂಗ್ ಮಾಡಿಯೇ ಮಾಡುತ್ತೇನೆ.

ಕಳೆದ ಬೇಸಿಗೆಯಲ್ಲಿ ಧಣಿಯನ್ನು ಸರ್ವರ್ ರೂಮಿಗೆ ಕರೆದೆ. ಹಗಲು ಹನ್ನೊಂದು ಗಂಟೆ, ಕಾಟಾದ ಮೇಲೆ ಲಾರಿ ನಿಂತಿತ್ತು. ಆಕ್ಟಿವ್ ಸ್ವಿಚ್ಚಿನ (ಆಗ ಮಾಸ್ಟರ್ ಆಗಿದ್ದದ್ದರ) ಎರಡೂ ಪವರ್ ಕೇಬಲ್ ಅವರ ಕೈಯಲ್ಲೇ ಕೀಳಿಸಿದೆ. ಪರದೆ ಮೇಲೆ ಒಂದೇ ಒಂದು ಪಿಂಗ್ (ಲಿಂಕ್ ಇದೆಯಾ ಅಂತ ಸತತವಾಗಿ ಕಳಿಸುವ ಪರೀಕ್ಷೆ) ಉತ್ತರವಿಲ್ಲದೆ ಹೋಯಿತು, ಅಷ್ಟೇ. ಮೊದಲು ಹೀಗೆ ನಾಲ್ಕೈದು ಹೋಗುತ್ತಿದ್ದವು, ಒಂದಕ್ಕೆ ಇಳಿಸಲು ನಾಲ್ಕು ರಾತ್ರಿ ಕೂತಿದ್ದೇನೆ, ಆ ಎರಡು ಸೆಟ್ಟಿಂಗ್ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಕಾಟಾದವರಿಗೆ ಫೋನ್ ಹಚ್ಚಿ ಏನಾದರೂ ಆಯ್ತೇನ್ರೀ ಅಂತ ಧಣಿಯೇ ಕೇಳಿದರು. "ಏನೂ ಆಗಿಲ್ಲ ಬಿಡ್ರೀ ಸಾವ್ಕಾರ್ರ, ಮುಂದಿನ ಗಾಡಿ ಹತ್ತಾಕತ್ತೈತಿ" ಅಂತ ಆ ಕಡೆಯಿಂದ ಬಂತು. ಮರುದಿನವೇ ಇನ್ನೊಂದು 3850ಕ್ಕೆ ಚೆಕ್ ಬರೆದು ಕೊಟ್ಟರು.